ಅಕೌಂಟೆಂಟ್ ಊರಿಗೆ ಹೋದಾಗ ಫೈಲು ಎಲ್ಲಿ?

(ನಮ್ಮ ಕನ್ನಡ ವೇಳೆಯಲ್ಲಿ ಓದಿದ ಭಾಷಣ. ಬರಹದಲ್ಲಿ ಬೇಕೆಂದು ಹಲವು ಕೇಳುಗರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇವೆ.)



ಮೇ ತಿಂಗಳು ಬಂತೆಂದರೆ ಮುಂಬಯಿಯ ಕನ್ನಡಿಗರ ಆಫೀಸುಗಳಲ್ಲಿ ಅರ್ಧ ಕುರ್ಚಿ ಖಾಲಿ. ಕೊಂಕಣ ರೈಲಿನ ಟಿಕೆಟು ಸಿಕ್ಕವರು ರೈಲಿನಲ್ಲಿ, ಸಿಗದವರು ರಾತ್ರಿ ಬಸ್ಸಿನಲ್ಲಿ, ಅಂತೂ ಎಲ್ಲರೂ ಊರಿಗೆ. ಸರಿಯಾಗಿ ಆ ವಾರವೇ ಫೋರ್ಟಿನ ಯಾವುದೋ ಪುಟ್ಟ ಆಫೀಸಿಗೆ ಜಿಎಸ್‌ಟಿಯ ನೋಟಿಸು ಬರುತ್ತದೆ.

“ಮೂರು ವರ್ಷದ ಹಿಂದಿನ ಆ ಬಿಲ್ಲುಗಳ ಫೈಲು ಎಲ್ಲಿದೆಯಮ್ಮ?”

“ಅದು ಅಕೌಂಟೆಂಟರ ಕಂಪ್ಯೂಟರಿನಲ್ಲಿದೆ ಸರ್.”

“ಹಾಗಾದರೆ ತೆಗಿ.”

“ಪಾಸ್‌ವರ್ಡ್ ಅವರಿಗೇ ಗೊತ್ತು ಸರ್. ಫೋನು ಹತ್ತುತ್ತಿಲ್ಲ. ರತ್ನಾಗಿರಿಯ ಸುರಂಗದಲ್ಲಿದ್ದಾರೋ ಏನೋ.”

ನಗಬೇಡಿ. ನಿಮ್ಮ ಆಫೀಸಿನಲ್ಲಿ ಹೀಗಾಗಿಲ್ಲ ಎನ್ನುವುದಾದರೆ ನೀವು ಅದೃಷ್ಟವಂತರು. ನಾಲ್ಕು ಜನ ಕೆಲಸ ಮಾಡುವ ಕಡೆ ಒಂದೇ ಕೊಟೇಶನ್ನು ನಾಲ್ಕು ಕಂಪ್ಯೂಟರಿನಲ್ಲಿ ಇರುತ್ತದೆ. ಒಂದರ ಹೆಸರು ‘ಫೈನಲ್’, ಇನ್ನೊಂದರದು ‘ಫೈನಲ್ ಹೊಸದು’, ಮೂರನೆಯದು ‘ಲಾಸ್ಟ್ ಫೈನಲ್’. ನಾಲ್ಕನೆಯದು ವಾಟ್ಸಪ್ಪಿನಲ್ಲಿ. ಗಿರಾಕಿಗೆ ಹೋಗಿದ್ದು ಯಾವುದು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಇದಕ್ಕೆ ಒಂದು ದಾರಿ, ಇಡೀ ಆಫೀಸಿಗೆ ಒಂದೇ ಉಗ್ರಾಣ. ನೆಟ್‌ವರ್ಕಿಗೆ ತಂತಿ ಹಾಕಿಸಿಕೊಂಡು ಮೂಲೆಯಲ್ಲಿ ಕೂತಿರುವ ಒಂದು ಪೆಟ್ಟಿಗೆ, ಅದರೊಳಗೆ ಎರಡೋ ನಾಲ್ಕೋ ಹಾರ್ಡ್ ಡಿಸ್ಕು. ಎಲ್ಲರ ಕಂಪ್ಯೂಟರಿನಲ್ಲೂ ಅದು ಒಂದು ಡ್ರೈವ್ ಹಾಗೆ ಕಾಣಿಸುತ್ತದೆ. ಅಂಗಡಿಯವರು ಇದನ್ನು ನ್ಯಾಸ್ ಎನ್ನುತ್ತಾರೆ. ನಾನು ಓದಿದ್ದು ಕನ್ನಡ ಬಿ.ಎ., ಎಂಜಿನಿಯರಿಂಗ್ ಅಲ್ಲ. ಆದರೆ ರೇಡಿಯೊದಲ್ಲಿ ಇರುವವರಿಗೆ ಧ್ವನಿಮುದ್ರಣದ ಫೈಲುಗಳೊಂದಿಗೆ ದಿನ ಬೆಳಗಾದರೆ ಒಡನಾಟ. ಒಮ್ಮೆ ಅಳಿಸಿಹೋದ ದನಿಯನ್ನು ಮತ್ತೆ ಹೇಳಿಸಲು ಆಗುವುದಿಲ್ಲ ಎಂಬುದು ನಮಗೆ ಗೊತ್ತು. ಆ ಸಲಿಗೆಯಿಂದ ಈ ಮಾತು.

ಮೊದಲು, ಇದು ಬರೀ ಅನುಕೂಲದ ಪ್ರಶ್ನೆಯಲ್ಲ. ಜಿಎಸ್‌ಟಿ ಕಾಯಿದೆಯ 36ನೇ ಕಲಮಿನ ಪ್ರಕಾರ, ಒಂದು ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು, ಅಂದರೆ 6 ವರ್ಷ, ಆ ವರ್ಷದ ಲೆಕ್ಕಪತ್ರ ಕಾಪಾಡಬೇಕು. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ 2013ರ ಕಂಪನಿ ಕಾಯಿದೆಯಂತೆ 8 ಹಣಕಾಸು ವರ್ಷ. ಅದರ ಮೇಲೆ 2022ರ ಆಗಸ್ಟಿನಲ್ಲಿ ನಿಯಮ ಬಿಗಿಯಾಯಿತು. ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಕಂಪನಿಗಳು ಅದರ ಬ್ಯಾಕಪ್ಪನ್ನು ಪ್ರತಿದಿನ, ಭಾರತದಲ್ಲಿಯೇ ಇರುವ ಸರ್ವರಿನಲ್ಲಿ ಇಡಬೇಕು. “ಸಮಯ ಸಿಕ್ಕಾಗ ಪೆನ್ ಡ್ರೈವಿಗೆ ಹಾಕಿಕೊಳ್ಳುತ್ತೇವೆ” ಎನ್ನುವ ಉತ್ತರಕ್ಕೆ ಅಲ್ಲಿ ಜಾಗವಿಲ್ಲ.

ಹಾಗೆಂದು ಎಲ್ಲರೂ ಪೆಟ್ಟಿಗೆ ಕೊಳ್ಳಲೇಬೇಕೆ? ಬೇಡ. ಇಬ್ಬರೇ ಇದ್ದೀರಿ, ಇರುವುದೆಲ್ಲ ಪತ್ರ, ಎಕ್ಸೆಲ್ ಹಾಳೆ, ಒಂದಿಷ್ಟು ಪಿಡಿಎಫ್ ಎಂದಾದರೆ ಗೂಗಲ್ ಡ್ರೈವೋ ಒನ್‌ಡ್ರೈವೋ ಸಾಕು. ತಿಂಗಳ ಬಾಡಿಗೆ ಕೊಟ್ಟು ನೆಮ್ಮದಿಯಾಗಿರಿ. ಆದರೆ ಆರ್ಕಿಟೆಕ್ಟರ ನಕ್ಷೆ, ಪ್ರಿಂಟಿಂಗ್ ಪ್ರೆಸ್ಸಿನ ಚಿತ್ರ, ಮದುವೆಯ ವಿಡಿಯೊ, ವಕೀಲರ ಸ್ಕ್ಯಾನ್ ಕಡತ, ಇಂಥವು ಇದ್ದರೆ ಲೆಕ್ಕ ಬೇರೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಮೇಲೆ ಕಳುಹಿಸುವ ಇಂಟರ್‌ನೆಟ್ ಇದ್ದರೂ 2 ಟೆರಾಬೈಟ್ ಏರಿಸಲು 44 ಗಂಟೆ ಹಿಡಿಯುತ್ತದೆ. ವೇಗ 10 ಮೆಗಾಬಿಟ್ ಇದ್ದರೆ 18 ದಿನ ದಾಟುತ್ತದೆ. ಒಂದು ದಿನ ಕೆಟ್ಟುಹೋಗಿ ಎಲ್ಲವನ್ನೂ ಇಳಿಸಿಕೊಳ್ಳಬೇಕಾಗಿ ಬಂದರೆ ಇಳಿಸುವುದಕ್ಕೂ ಗಂಟೆಗಟ್ಟಲೆ, ದಿನಗಟ್ಟಲೆ ಕಾಯಬೇಕು. ಅಂಥವರಿಗೆ ಆಫೀಸಿನೊಳಗೇ ಉಗ್ರಾಣ ಬೇಕು.

ಟ್ಯಾಲಿ ಬಳಸುವವರಿಗೆ ಒಂದು ಮಾತು. ನಮ್ಮ ಬೆಂಗಳೂರಿನದೇ ಕಂಪನಿ, ಅದಕ್ಕೆ ಸ್ವಲ್ಪ ಅಭಿಮಾನದಿಂದ ಹೇಳುತ್ತೇನೆ. ಇಬ್ಬರು ಮೂವರು ಒಟ್ಟಿಗೆ ಬಳಸಬೇಕಾದರೆ ಸಿಲ್ವರ್ ಲೈಸೆನ್ಸ್ ಸಾಲದು, ಗೋಲ್ಡ್ ಬೇಕು. ದಿನವೂ ನಮೂದು ಬೀಳುವ ಟ್ಯಾಲಿಯ ಜೀವಂತ ಫೋಲ್ಡರನ್ನು ಗೂಗಲ್ ಡ್ರೈವಿನಂಥ, ತಾನೇ ನಕಲು ಏರಿಸುವ ಫೋಲ್ಡರಿನಲ್ಲಿ ಇಡಬೇಡಿ. ಇಬ್ಬರು ಒಂದೇ ಹೊತ್ತಿಗೆ ಬರೆದಾಗ ಎರಡು ನಕಲು ಹುಟ್ಟಿ ಲೆಕ್ಕ ಕಲಸುಮೇಲೋಗರವಾಗುತ್ತದೆ. ನ್ಯಾಸ್ ಪೆಟ್ಟಿಗೆಯಲ್ಲಿ ಇಡುವುದಾದರೂ ಟ್ಯಾಲಿ ಡೀಲರನ್ನು ಕೂರಿಸಿಕೊಂಡು ಮೂರು ಕಂಪ್ಯೂಟರಿನಿಂದ ಒಟ್ಟಿಗೆ ನಮೂದು ಮಾಡಿ ನೋಡಿ, ಆಮೇಲೆ ಹಣ ಕೊಡಿ.

ಸರಿ, ಯಾವುದನ್ನು ಕೊಳ್ಳುವುದು? ವೈಫೈ ರೌಟರಿನ ಹಿಂದಿನ ಯುಎಸ್‌ಬಿ ಕಿಂಡಿಗೆ ಒಂದು ಡಿಸ್ಕು ಚುಚ್ಚಿ ಕೆಲಸ ಮುಗಿಸುವವರು ಇದ್ದಾರೆ. ಮನೆಯಲ್ಲಿ ಹಾಡು, ಸಿನಿಮಾ ಇಡಲು ಅದು ಸರಿ, ಆಫೀಸಿಗೆ ಬೇಡ. ಹಳೆಯ ಕಂಪ್ಯೂಟರಿಗೆ ಟ್ರೂನ್ಯಾಸ್, ಓಪನ್‌ಮೀಡಿಯಾವಾಲ್ಟ್ ಮುಂತಾದ ಉಚಿತ ತಂತ್ರಾಂಶ ಹಾಕಿ ಒಳ್ಳೆಯ ಉಗ್ರಾಣ ಮಾಡಬಹುದು. ಆದರೆ ಅದನ್ನು ಬಲ್ಲವರು ನಿಮ್ಮ ಆಫೀಸಿನಲ್ಲೇ ಇರಬೇಕು. ಅಳಿಯನೋ ಸೋದರಳಿಯನೋ ಬಂದು ಮಾಡಿಕೊಟ್ಟು ಅಮೆರಿಕಕ್ಕೆ ಹೋದ ಮೇಲೆ ಅದರ ಬಾಗಿಲು ತೆಗೆಯುವವರು ಯಾರು? ಹತ್ತು ಜನರೊಳಗಿನ ಆಫೀಸಿಗೆ, ನನ್ನ ಮಟ್ಟಿಗೆ, ಎರಡು ಡಿಸ್ಕಿನ ಸಿದ್ಧ ಪೆಟ್ಟಿಗೆಯೇ ವಾಸಿ. ಸಿನಾಲಜಿ, ಕ್ಯೂನ್ಯಾಪ್, ಆಸಸ್ಟರ್ ಹೀಗೆ ಹಲವು ಹೆಸರುಗಳಿವೆ. ಬ್ರ್ಯಾಂಡಿಗಿಂತ ಎರಡು ವಿಷಯ ಕೇಳಿ: ಈ ಮಾದರಿಗೆ ಇನ್ನೂ ಎಷ್ಟು ವರ್ಷ ಅಪ್‌ಡೇಟ್ ಬರುತ್ತದೆ, ಕೆಟ್ಟರೆ ಈ ಊರಿನಲ್ಲಿ ರಿಪೇರಿಗೆ ಯಾರಿದ್ದಾರೆ.

ಪೆಟ್ಟಿಗೆ ಖಾಲಿ ಬರುತ್ತದೆ, ಡಿಸ್ಕು ಬೇರೆಯೇ ಕೊಳ್ಳಬೇಕು. ಹಗಲೂ ರಾತ್ರಿ ತಿರುಗುವುದಕ್ಕೆಂದೇ ಮಾಡಿದ ನ್ಯಾಸ್ ಡಿಸ್ಕು ಕೇಳಿ, ಅದರಲ್ಲೂ ಸಿಎಂಆರ್ ಬಗೆಯದು. ಎಸ್‌ಎಂಆರ್ ಎಂಬ ಇನ್ನೊಂದು ಬಗೆಯಲ್ಲಿ ಗೀಟುಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಹಾಯ್ದಿರುತ್ತವೆ. ಒಂದು ಹೆಂಚು ಬದಲಿಸಲು ಪಕ್ಕದ್ದನ್ನೆಲ್ಲ ಎತ್ತಬೇಕಲ್ಲ, ಹಾಗೆ ಬರೆಯುವಾಗ ನಿಧಾನ. ಪೆಟ್ಟಿಗೆಯ ಕಂಪನಿಯವರು ಯಾವ ಡಿಸ್ಕು ಹೊಂದುತ್ತದೆ ಎಂಬ ಪಟ್ಟಿ ಕೊಟ್ಟಿರುತ್ತಾರೆ. ಅಂಗಡಿಯವನ ಬಾಯಿಮಾತಿಗಿಂತ ಆ ಪಟ್ಟಿ ನೋಡಿ. ಇನ್ನೊಂದು, 4 ಟೆರಾಬೈಟ್ ಡಿಸ್ಕು ಹಾಕಿದ ಮೇಲೆ ವಿಂಡೋಸ್ 3.6 ಎಂದು ತೋರಿಸಿದರೆ ಮೋಸವಾಯಿತೆಂದು ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೆ.

ಎರಡು ಡಿಸ್ಕು ಯಾಕೆ? ಒಂದಕ್ಕೆ ಇನ್ನೊಂದು ಕನ್ನಡಿಯಾಗಿ ಇರಲಿ ಎಂದು. ಇದನ್ನು ರೇಡ್-1 ಎನ್ನುತ್ತಾರೆ. ರೇಡ್ ಎಂಬ ಹೆಸರು 1988ರಲ್ಲಿ ಬರ್ಕ್ಲಿಯ ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರ ಪ್ರಬಂಧದಿಂದ ರೂಢಿಗೆ ಬಂತು. 4 ಟೆರಾಬೈಟಿನ ಎರಡು ಹಾಕಿದರೆ ಸಿಗುವ ಜಾಗ 4 ಮಾತ್ರ. ಒಂದು ಡಿಸ್ಕು ಸತ್ತರೂ ಕೆಲಸ ನಿಲ್ಲುವುದಿಲ್ಲ, ಸತ್ತದ್ದನ್ನು ತೆಗೆದು ಹೊಸದು ಹಾಕಿದರೆ ನಕಲು ತಾನೇ ತುಂಬಿಕೊಳ್ಳುತ್ತದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಹೆಚ್ಚಿನವರು ಎಡವುವುದು ಇಲ್ಲಿಯೇ. “ಎರಡು ಡಿಸ್ಕು ಇದೆಯಲ್ಲ, ಬ್ಯಾಕಪ್ ಆಯಿತು” ಎಂದು ನಿಶ್ಚಿಂತೆಯಾಗಿ ಇರುತ್ತಾರೆ. ಆಗಲಿಲ್ಲ ಮಾರಾಯ್ರೆ! ಕನ್ನಡಿಯ ಮುಂದೆ ನಿಂತು ನೀವು ಮೀಸೆ ಬೋಳಿಸಿದರೆ ಕನ್ನಡಿಯೊಳಗಿನವನ ಮೀಸೆಯೂ ಅದೇ ಕ್ಷಣ ಹೋಗುತ್ತದೆ. ಯಾರೋ ಹುಡುಗ ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಅಳಿಯುತ್ತದೆ. ಸುಲಿಗೆಯ ವೈರಸ್ ಬಂದು ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ. ಕಳ್ಳ ಬಂದರೆ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ, ಒಂದು ಡಿಸ್ಕು ಬಿಟ್ಟುಹೋಗುವ ಔದಾರ್ಯ ಅವನಿಗಿರುವುದಿಲ್ಲ. ಡಿಸ್ಕು ಸಾಯುವ ಒಂದೇ ಒಂದು ಆಪತ್ತಿಗೆ ಕನ್ನಡಿ ಔಷಧ, ಉಳಿದ ಯಾವುದಕ್ಕೂ ಅಲ್ಲ.

ನೀರನ್ನು ಮರೆಯಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕುರ್ಲಾ, ಕಲೀನಾ ಕಡೆ ನೆಲಮಾಳಿಗೆ, ಒಂದನೇ ಮಟ್ಟ ಎಲ್ಲ ನೀರೊಳಗೆ. ಚೆನ್ನೈಯ ಕೇಳುಗರಿಗೆ 2015ರ ಡಿಸೆಂಬರ್, ಹೈದರಾಬಾದಿನವರಿಗೆ 2020ರ ಅಕ್ಟೋಬರ್ ನೆನಪಿರಬಹುದು. ಅಂಥ ದಿನ ಒಂದೇ ಕೋಣೆಯಲ್ಲಿ ಎಷ್ಟು ಪ್ರತಿ ಇಟ್ಟಿದ್ದರೂ ಎಲ್ಲ ಒಂದೇ ನೀರಿನ ಪಾಲು.

ಆದ್ದರಿಂದ ಪೆಟ್ಟಿಗೆಯ ಬೆಲೆ ಕೇಳುವ ಮೊದಲು ನಿಮಗೆ ನೀವೇ ಕೇಳಿಕೊಳ್ಳಿ: ಇದು ನಾಳೆ ಇಲ್ಲವಾದರೆ ನನ್ನ ಲೆಕ್ಕ ಎಲ್ಲಿಂದ ವಾಪಸು ಬರುತ್ತದೆ, ಎಷ್ಟು ದಿನದಲ್ಲಿ? ಉತ್ತರ ಸಿಕ್ಕಿದ ಮೇಲೆ ಅಂಗಡಿಗೆ ಹೋಗಿ. ಫೋಟೋಗ್ರಾಫರ್ ಪೀಟರ್ ಕ್ರೋಗ್ ಅವರ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ ಸುಲಭ ಸೂತ್ರವೊಂದಿದೆ, ಮೂರು-ಎರಡು-ಒಂದು. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಡೆ. ಚಿಕ್ಕ ಆಫೀಸಿಗೆ ಇದನ್ನು ಹೀಗೆ ಇಳಿಸಿಕೊಳ್ಳಬಹುದು. ಯುಎಸ್‌ಬಿ ಡಿಸ್ಕು ಎರಡು ತನ್ನಿ, ಒಂದಕ್ಕೆ ‘ಅ’ ಇನ್ನೊಂದಕ್ಕೆ ‘ಆ’ ಎಂದು ಚೀಟಿ ಅಂಟಿಸಿ. ಈ ವಾರ ‘ಅ’ ಆಫೀಸಿನಲ್ಲಿ, ‘ಆ’ ಯಜಮಾನರ ಮನೆಯಲ್ಲಿ. ಶನಿವಾರ ಅದಲು ಬದಲು. ನಕಲು ಮಾಡುವಷ್ಟು ಹೊತ್ತು ಮಾತ್ರ ಪೆಟ್ಟಿಗೆಗೆ ಚುಚ್ಚಿ, ಮುಗಿದ ಕೂಡಲೇ ತೆಗೆದು ಕಪಾಟಿನಲ್ಲಿಡಿ. ಚುಚ್ಚಿಯೇ ಬಿಟ್ಟ ಡಿಸ್ಕಿಗೂ ವೈರಸ್ ಹತ್ತುತ್ತದೆ. ಈ ಡಿಸ್ಕು ವಿರಾರ್ ಲೋಕಲಿನಲ್ಲಿ ಓಡಾಡುವ ಸಾಮಾನು, ಸೀಟಿನ ಮೇಲೆ ಮರೆತು ಇಳಿಯುವ ಸಂಭವ ಉಂಟು. ಆದ್ದರಿಂದ ಪಾಸ್‌ವರ್ಡ್ ಇಲ್ಲದೆ ತೆರೆಯದಂತೆ ಗೂಢಲಿಪಿ ಮಾಡಿಸಿರಿ. ಲೆಕ್ಕಪತ್ರದ ಫೋಲ್ಡರ್ ಒಂದನ್ನಾದರೂ, ಅದು ದೊಡ್ಡದೇನಲ್ಲ, ಪ್ರತಿ ರಾತ್ರಿ ಕ್ಲೌಡಿಗೆ ಏರಿಸುವಂತೆ ಹೊಂದಿಸಿ. ಕಂಪನಿಯವರು ಆ ಸರ್ವರು ಭಾರತದಲ್ಲಿದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಪೆಟ್ಟಿಗೆ ಕೂರಿಸುವ ವಿಚಾರ. ನೆಲದ ಮೇಲೆ ಬೇಡ, ಎದೆಯೆತ್ತರದ ಶೆಲ್ಫಿನಲ್ಲಿ, ಬಿಸಿಲು ಬೀಳದ, ಗಾಳಿಯಾಡುವ ಕಡೆ ಇಡಿ. ಆಯುಧಪೂಜೆಯ ದಿನ ಹೂವು ಏರಿಸಿ, ಬೇಡವೆನ್ನುವುದಿಲ್ಲ, ಆದರೆ ಹಿಂದಿನ ಫ್ಯಾನಿನ ಬಾಯಿಗೆ ಅರಿಸಿನ ಕುಂಕುಮದ ಪುಡಿ ಹೋಗದಿರಲಿ. ಒಂದು ಚಿಕ್ಕ ಯುಪಿಎಸ್ ಕಡ್ಡಾಯ. “ಮುಂಬಯಿಯಲ್ಲಿ ಕರೆಂಟು ಹೋಗುವುದೇ ಇಲ್ಲ” ಎನ್ನುತ್ತಿದ್ದವರೆಲ್ಲ 2020ರ ಅಕ್ಟೋಬರ್ 12ರ ಬೆಳಿಗ್ಗೆ ಕತ್ತಲಲ್ಲಿ ಕೂತಿದ್ದರು. ಯುಪಿಎಸ್ಸಿನಿಂದ ಪೆಟ್ಟಿಗೆಗೆ ಯುಎಸ್‌ಬಿ ತಂತಿ ಎಳೆದರೆ, ಬ್ಯಾಟರಿ ಮುಗಿಯುತ್ತಾ ಬಂದಾಗ ಪೆಟ್ಟಿಗೆ ತಾನೇ ಕ್ರಮವಾಗಿ ಮಲಗಿಕೊಳ್ಳುತ್ತದೆ.

ತಂತಿಯ ವಿಷಯದಲ್ಲಿ ಜಿಪುಣತನ ಬೇಡ. ನಡುವೆ ಹಳೆಯ 100 ಮೆಗಾಬಿಟ್ಟಿನ ನೆಟ್‌ವರ್ಕ್ ಸ್ವಿಚ್ ಒಂದು ಕೂತಿದ್ದರೆ 10 ಗಿಗಾಬೈಟ್ ನಕಲಿಗೆ ಸುಮಾರು ಕಾಲು ಗಂಟೆ. ಗಿಗಾಬಿಟ್ ಸ್ವಿಚ್ ಇದ್ದರೆ ಅದೇ ಕೆಲಸ ಒಂದೂವರೆ ಎರಡು ನಿಮಿಷ. ಪೆಟ್ಟಿಗೆಗೆ ಸಾವಿರಾರು ಸುರಿದು ಸ್ವಿಚ್ಚಿನಲ್ಲಿ ಉಳಿಸಿದವರು “ನ್ಯಾಸ್ ನಿಧಾನ” ಎಂದು ದೂರುವುದುಂಟು.

ಇನ್ನು ಒಳಗಿನ ವ್ಯವಸ್ಥೆ. ಫೋಲ್ಡರಿಗೆ ವ್ಯಕ್ತಿಯ ಹೆಸರು ಇಡಬೇಡಿ, ಕೆಲಸದ ಹೆಸರು ಇಡಿ. ‘ಖರೀದಿ’, ‘ಮಾರಾಟ’, ‘ಸಂಬಳ’, ‘ಗಿರಾಕಿ ಪತ್ರ’. ಮನುಷ್ಯರು ಊರಿಗೆ ಹೋಗುತ್ತಾರೆ, ಕೆಲಸ ಬಿಡುತ್ತಾರೆ, ಖರೀದಿ ಎಲ್ಲಿಗೂ ಹೋಗುವುದಿಲ್ಲ. ಪ್ರತಿಯೊಬ್ಬರಿಗೂ ಅವರದೇ ಹೆಸರು, ಅವರದೇ ಪಾಸ್‌ವರ್ಡ್. ಎಲ್ಲರೂ ‘ಅಡ್ಮಿನ್’ ಹೆಸರಿನಲ್ಲಿ ಒಳಗೆ ಹೋಗುವುದು ಇಡೀ ಚಾಳಿಗೆ ಒಂದೇ ಬೀಗದ ಕೈ ಇದ್ದ ಹಾಗೆ. ಸಂಬಳದ ಫೋಲ್ಡರ್ ಇಬ್ಬರಿಗೆ ಮಾತ್ರ ತೆರೆಯಲಿ. ಮುಗಿದ ವರ್ಷಗಳ ಲೆಕ್ಕವನ್ನು ಓದಲು ಮಾತ್ರ ಬಿಡಿ, ತಿದ್ದಲು ಬೇಡ. ಯಾರಾದರೂ ಕೆಲಸ ಬಿಟ್ಟರೆ ಅದೇ ಸಂಜೆ ಅವರ ಹೆಸರು ಮುಚ್ಚಿ. ಇದರಲ್ಲಿ ದ್ವೇಷವೇನಿಲ್ಲ, ಮನೆ ಬಿಡುವ ಬಾಡಿಗೆದಾರರು ಕೀಲಿ ಕೊಟ್ಟು ಹೋಗುವುದಿಲ್ಲವೇ?

ಪಾಸ್‌ವರ್ಡ್ ಕೇಳದ ‘ಅತಿಥಿ’ ಪ್ರವೇಶ ಹಳೆಯ ಪೆಟ್ಟಿಗೆಗಳಲ್ಲಿ ಸಾಮಾನ್ಯ. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ, ಪ್ರೊ ಬಳಸುವವರಿಗೆ, ಅದು ತೆರೆಯುವುದೇ ಇಲ್ಲ. “ಅಪ್‌ಡೇಟ್ ಮಾಡಿದ ಮೇಲೆ ನ್ಯಾಸ್ ಕಾಣುತ್ತಿಲ್ಲ” ಎಂಬ ದೂರಿಗೆ ಇದೂ ಒಂದು ಕಾರಣ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರಿಕೊಳ್ಳಿ, ಸರಿಹೋಗುತ್ತದೆ. ಹಾಗೆಯೇ ಎಸ್‌ಎಂಬಿ-1 ಎಂಬ ಓಬೀರಾಯನ ಕಾಲದ ಸಂಪರ್ಕ ವಿಧಾನ ನಿಮ್ಮ ಪೆಟ್ಟಿಗೆಯಲ್ಲಿ ಇನ್ನೂ ಚಾಲೂ ಇದ್ದರೆ ಮುಚ್ಚಿಬಿಡಿ. 2017ರ ಮೇ ತಿಂಗಳಲ್ಲಿ ಲೋಕವನ್ನೇ ನಡುಗಿಸಿದ ವಾನಾಕ್ರೈ ಹರಡಿದ್ದು ಆ ಬಿರುಕಿನಿಂದ.

ಒಂದು ಆಸೆಯನ್ನು ಮಾತ್ರ ಗಟ್ಟಿ ಮನಸ್ಸಿನಿಂದ ತಡೆಯಿರಿ. “ಮನೆಯಿಂದಲೂ ಫೈಲು ಸಿಗಬೇಕು” ಎಂದು ರೌಟರಿನಲ್ಲಿ ಕಿಂಡಿ ತೆರೆದು ಪೆಟ್ಟಿಗೆಯನ್ನು ನೇರ ಇಂಟರ್‌ನೆಟ್ಟಿಗೆ ಒಡ್ಡುವುದು. 2021ರ ಏಪ್ರಿಲಿನಲ್ಲಿ ಕ್ಯೂಲಾಕರ್ ಎಂಬ ಸುಲಿಗೆ ತಂಡ ಇಂಟರ್‌ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಪೆಟ್ಟಿಗೆಗಳಿಗೆ ನುಗ್ಗಿ, ಜನರ ಫೈಲುಗಳನ್ನು ಗಂಟುಕಟ್ಟಿ ಬೀಗ ಹಾಕಿ ಹಣ ಕೇಳಿತು. ಅದೇ ಜೂನ್‌ನಲ್ಲಿ ಡಬ್ಲ್ಯುಡಿ ಮೈ ಬುಕ್ ಲೈವ್ ಎಂಬ ಹಳೆಯ ಪೆಟ್ಟಿಗೆಯವರು ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಖಾಲಿ. ಆ ಪೆಟ್ಟಿಗೆಗೆ 2015ರಲ್ಲೇ ಅಪ್‌ಡೇಟ್ ನಿಂತಿತ್ತು. ಹೊರಗಿನಿಂದ ಬೇಕೇ ಬೇಕೆಂದರೆ ವಿಪಿಎನ್ ಎಂಬ ಖಾಸಗಿ ಸುರಂಗ ಹಾಕಿಸಿಕೊಳ್ಳಿ. ಪೆಟ್ಟಿಗೆಯ ಅಪ್‌ಡೇಟನ್ನು ಮುಂದೂಡಬೇಡಿ. ಸ್ನ್ಯಾಪ್‌ಶಾಟ್ ಸೌಲಭ್ಯ ಇದ್ದರೆ ದಿನಕ್ಕೆ ಎರಡು ಮೂರು ಬಾರಿ ತೆಗೆಯುವಂತೆ ಹೊಂದಿಸಿ. ನಿನ್ನೆ ಮಧ್ಯಾಹ್ನ ಫೋಲ್ಡರ್ ಹೇಗಿತ್ತೋ ಹಾಗೆ ಮರಳಿ ಪಡೆಯಬಹುದು. ಅಳಿಸಿದ ಹುಡುಗನ ಮೇಲೆ ಕೂಗಾಡುವ ಪ್ರಸಂಗ ತಪ್ಪುತ್ತದೆ.

ಈಗ ಒಂದು ಕನ್ನಡದ ವಿಷಯ. ಬಿ.ಎ. ಮಾಡಿದ್ದಕ್ಕೆ ಇಷ್ಟಾದರೂ ಹೇಳಬೇಡವೇ? ಫೈಲಿಗೆ ಕನ್ನಡದಲ್ಲೇ ಹೆಸರು ಇಡಬಹುದು, ಯಾವ ತೊಂದರೆಯೂ ಇಲ್ಲ. ಆದರೆ ಉದ್ದಕ್ಕೆ ಮಿತಿಯಿದೆ. ಈ ಪೆಟ್ಟಿಗೆಗಳ ಒಳಗಿನ ಲಿನಕ್ಸ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಜಾಗ. ‘ಲೆಕ್ಕಪತ್ರ’ ಎಂಬ ಪದದಲ್ಲಿ ನಾವು ನಾಲ್ಕಕ್ಷರ ಎಣಿಸುತ್ತೇವೆ. ಕಂಪ್ಯೂಟರ್ ಒತ್ತು, ಗುಣಿತ, ನಡುವಿನ ಅರ್ಧಾಕ್ಷರದ ಚಿಹ್ನೆ ಎಲ್ಲ ಬಿಡಿಸಿ ಒಂಬತ್ತು ಎಣಿಸುತ್ತದೆ, ಒಂದೊಂದಕ್ಕೆ ಮೂರು ಬೈಟ್, ಒಟ್ಟು 27. ಇಂಗ್ಲಿಷಿನ ಒಂದಕ್ಷರಕ್ಕೆ ಒಂದೇ ಬೈಟ್. ಕೆಲವು ಪೆಟ್ಟಿಗೆಗಳಲ್ಲಿ ಗೂಢಲಿಪಿ ಮಾಡಿದ ಫೋಲ್ಡರಿನೊಳಗೆ ಈ ಮಿತಿ 143 ಬೈಟಿಗೆ ಇಳಿಯುತ್ತದೆ, ಅಂದರೆ ಕನ್ನಡದ 47 ಚಿಹ್ನೆ. ‘ವಾರ್ಷಿಕ ಮಹಾಸಭೆಯ ನಡಾವಳಿ ಮತ್ತು ಅಧ್ಯಕ್ಷರ ಭಾಷಣದ ತಿದ್ದಿದ ಪ್ರತಿ’ ಎಂದೆಲ್ಲ ಹೆಸರಿಟ್ಟರೆ ನಕಲು ಅರ್ಧಕ್ಕೆ ನಿಲ್ಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ತಾರೀಖು ಮೊದಲು, ಆಮೇಲೆ ಎರಡು ಪದ: ‘2025-08-14 ಸಭೆ ನಡಾವಳಿ’. ಎಲ್ಲ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಸಂಘ ಸಂಸ್ಥೆಗಳವರು ಇನ್ನೊಂದು ಗಮನಿಸಿ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳು ಪೆಟ್ಟಿಗೆಯಲ್ಲಿ ಭದ್ರವಾಗಿ ಇರುತ್ತವೆ, ಆದರೆ ಹುಡುಕಿದರೆ ಸಿಗುವುದಿಲ್ಲ, ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಉಗ್ರಾಣಕ್ಕೆ ತುಂಬುವಾಗಲೇ ಯುನಿಕೋಡಿಗೆ ಬದಲಿಸಿ, ಮೂಲವನ್ನೂ ಪಕ್ಕದಲ್ಲಿಡಿ.

ಎಲ್ಲ ಹೊಂದಿಸಿದ ಮೇಲೆ, ದಯವಿಟ್ಟು, ಒಂದು ಪರೀಕ್ಷೆ. ತಿಂಗಳ ಮೊದಲ ಶನಿವಾರ ಬ್ಯಾಕಪ್ ಡಿಸ್ಕಿನಿಂದ ಯಾವುದಾದರೂ ಒಂದು ಹಳೆಯ ಬಿಲ್ಲನ್ನು ಮರಳಿ ತೆಗೆದು ತೆರೆದು ನೋಡಿ. ಈ ಕೆಲಸವನ್ನು ಅಕೌಂಟೆಂಟರಿಗೆ ಹೇಳಬೇಡಿ, ಬೇರೆಯವರಿಂದ ಮಾಡಿಸಿ. ‘ಬ್ಯಾಕಪ್ ಯಶಸ್ವಿ’ ಎಂಬ ಹಸಿರು ಗುರುತು ನೋಡಿ ವರ್ಷಗಟ್ಟಲೆ ಸಮಾಧಾನವಾಗಿದ್ದು, ಬೇಕಾದ ದಿನ ತೆರೆದರೆ ಖಾಲಿ ಫೋಲ್ಡರ್ ಸಿಕ್ಕ ಆಫೀಸುಗಳಿವೆ. ಅಡ್ಮಿನ್ ಪಾಸ್‌ವರ್ಡ್, ಗೂಢಲಿಪಿಯ ಕೀಲಿ, ಪೆಟ್ಟಿಗೆಯ ವಿಳಾಸ, ಇವಿಷ್ಟನ್ನು ಕಾಗದದಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಅಂಟಿಸಿ, ಯಜಮಾನರ ಬ್ಯಾಂಕ್ ಲಾಕರಿನಲ್ಲಿ ಇಡಿ. ಪಾಸ್‌ವರ್ಡ್ ಬದಲಿಸಿದಾಗಲೆಲ್ಲ ಲಕೋಟೆಯನ್ನೂ ಬದಲಿಸಬೇಕು.

ಕೊನೆಯದಾಗಿ, ಹಳೆಯ ಡಿಸ್ಕುಗಳ ಗತಿ ಏನು ಎಂದು ಮಾಟುಂಗಾದ ಕೇಳುಗರೊಬ್ಬರು ಪತ್ರದಲ್ಲಿ ಕೇಳಿದ್ದಾರೆ. ಫೈಲು ಡಿಲೀಟ್ ಮಾಡಿ ರದ್ದಿಯವನಿಗೆ ಕೊಟ್ಟರೆ ನಿಮ್ಮ ಗಿರಾಕಿಗಳ ಪ್ಯಾನ್ ನಂಬರು ಸಮೇತ ಕೊಟ್ಟ ಹಾಗೆ. ಡಿಲೀಟ್ ಎಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ ಅಷ್ಟೆ, ಪುಟಗಳು ಇದ್ದೇ ಇರುತ್ತವೆ. ಪೂರ್ತಿ ಡಿಸ್ಕಿನ ಮೇಲೆ ಒಮ್ಮೆ ಹೊಸದಾಗಿ ಬರೆದು ಅಳಿಸುವ ತಂತ್ರಾಂಶ ಓಡಿಸಿ. ಡಿಸ್ಕು ತಿರುಗುವುದೇ ಇಲ್ಲ ಎಂದಾದರೆ ಬಿಚ್ಚಿಸಿ ಒಳಗಿನ ತಟ್ಟೆಗಳನ್ನು ಒಡೆಸಿ, ಆಮೇಲೆ ಪರವಾನಗಿ ಇರುವ ಇ-ತ್ಯಾಜ್ಯದವರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ.

ಬೇರೆ ಪ್ರಶ್ನೆಗಳಿದ್ದರೆ ಬರೆಯಿರಿ.